ಕೋಚ್‌ನ ಇಟ್ಕೋತಾರಾ, ತೆಗೀತಾರಾ? ಅಮೆರಿಕಕ್ಕೆ ಹೊಸದಾಗಿ ಬಂದೋರಿಗೆ ಕಾಲೇಜ್ ಬಾಸ್ಕೆಟ್‌ಬಾಲ್ ಲೆಕ್ಕ

ನಮ್ಮ ಕನ್ನಡ ಕೂಟದ ಊಟದಲ್ಲಿ, ಮೈಸೂರಿಂದ ಬ್ಲೂಮಿಂಗ್ಟನ್‌ಗೆ ಹೊಸದಾಗಿ ಬಂದಿರೋ ಹುಡುಗ ಒಬ್ಬ ಕೇಳ್ದ, ಅಣ್ಣ ಆಫೀಸಲ್ಲಿ ಬೆಳಿಗ್ಗೆ ಕಾಫಿಯಿಂದಾನೇ ಕೋಚ್ ಕೋಚ್ ಅಂತ ಶುರು ಮಾಡ್ತಾರೆ, ಇವರನ್ನ ಇಟ್ಕೋಬೇಕಾ ತೆಗೀಬೇಕಾ ಅಂತ ಜಗಳಾನೇ ಆಡ್ತಾರೆ, ಕಾಲೇಜ್ ಟೀಮ್ ತಾನೆ, ಅಷ್ಟ್ಯಾಕೆ? ನಾನು ಉತ್ತರ ಹೇಳೋಕೆ ಶುರು ಮಾಡಿ ಮುಗಿಸೋ ಹೊತ್ಗೆ ಇಬ್ಬರ ತಟ್ಟೇಲೂ ಬಿಸಿಬೇಳೆಬಾತು ತಣ್ಣಗಾಗಿತ್ತು. ಅವತ್ತು ಹೇಳಿದ್ದು, ಹೇಳೋಕೆ ಮರೆತಿದ್ದು ಎರಡನ್ನೂ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ದೇಶದಲ್ಲಿ, ಅದರಲ್ಲೂ ಇಂಡಿಯಾನಾ, ಕೆಂಟಕಿ, ನಾರ್ತ್ ಕ್ಯಾರೊಲೈನಾ, ಕ್ಯಾನ್ಸಸ್ ಕಡೆ ಬದುಕೋರಿಗೆ ಇದು ಗೊತ್ತಿಲ್ಲ ಅಂದ್ರೆ ಅಕ್ಕಪಕ್ಕದವರ ಅರ್ಧ ಮಾತು ಅರ್ಥ ಆಗಲ್ಲ.

ಮೊದಲು ನಮ್ಮ ತಲೇಲಿರೋ ಚಿತ್ರ ಬದಲಾಯಿಸ್ಕೋಬೇಕು. ನಮ್ಮ ಕಡೆ ಕಾಲೇಜ್ ಕೋಚ್ ಅಂದ್ರೆ ಪಿ.ಡಿ. ಸರ್. ಕತ್ತಲ್ಲಿ ವಿಸಿಲ್ಲು, ಸ್ಪೋರ್ಟ್ಸ್ ರೂಮ್ ಬೀಗ ಅವರ ಜೇಬಲ್ಲಿ, ಯೂನಿವರ್ಸಿಟಿ ಟೂರ್ನಮೆಂಟ್ ಬಂದ್ರೆ ಹುಡುಗರನ್ನ ಬಸ್ಸಲ್ಲಿ ಕರ್ಕೊಂಡ್ ಹೋಗಿ ಬರೋರು. ಟೀಮ್ ಸೋತ್ರೆ ಸೋತ್ತು, ಸರ್ ಮಾತ್ರ ರಿಟೈರ್ ಆಗೋವರೆಗೂ ಸರ್ರೇ. ಇಲ್ಲಿ ಹಾಗಲ್ಲ. ಇಲ್ಲಿ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದಲ್ಲಿ ಎಲ್ಲರಿಗಿಂತ ಮೇಲಿರೋದು ಗವರ್ನರ್ ಅಲ್ಲ, ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚು ಇಲ್ಲಾ ಬಾಸ್ಕೆಟ್‌ಬಾಲ್ ಕೋಚು. ದೊಡ್ಡ ಟೀಮ್‌ಗಳಲ್ಲಿ ವರ್ಷಕ್ಕೆ 40-50 ಲಕ್ಷ ಡಾಲರ್ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಸರ್ಕಾರಿ ಯೂನಿವರ್ಸಿಟಿ ಆದ್ರಿಂದ ಕಾಂಟ್ರಾಕ್ಟ್ ಪೇಪರ್ ಕೂಡ ಸಾರ್ವಜನಿಕ, ಯಾರು ಬೇಕಾದ್ರೂ ಓದಬಹುದು, ಇಲ್ಲಿನ ಫ್ಯಾನ್‌ಗಳು ಓದೇ ಓದ್ತಾರೆ.

ಮಕ್ಕಳನ್ನ ಇಲ್ಲಿ ಕಾಲೇಜಿಗೆ ಕಳಿಸೋ ಅಪ್ಪ ಅಮ್ಮಂದಿರು ಕೇಳೋ ಪ್ರಶ್ನೆ ಒಂದೇ, ನಮ್ಮ ಟ್ಯೂಷನ್ ಫೀಸಿಂದಾನಾ ಇವರಿಗೆ ಈ ಸಂಬಳ? ದೊಡ್ಡ ಯೂನಿವರ್ಸಿಟಿಗಳಲ್ಲಿ ಬಹುಮಟ್ಟಿಗೆ ಅಲ್ಲ. ಅಥ್ಲೆಟಿಕ್ ಡಿಪಾರ್ಟ್‌ಮೆಂಟ್ ಅನ್ನೋದು ಬೇರೇನೇ ಒಂದು ಅಂಗಡಿ ಇದ್ದಂಗೆ, ಟಿವಿ ದುಡ್ಡು, ಟಿಕೆಟ್ಟು, ಜಾಹೀರಾತು, ದಾನಿಗಳ ದುಡ್ಡು ಇದರ ಮೇಲೆ ನಡಿಯತ್ತೆ. ಚಿಕ್ಕ ಯೂನಿವರ್ಸಿಟಿಗಳಲ್ಲಿ ಮಾತ್ರ ವಿದ್ಯಾರ್ಥಿಗಳ ಫೀಸಲ್ಲಿ ಒಂದು ಪಾಲು ಕ್ರೀಡೆಗೆ ಹೋಗತ್ತೆ, ಅಡ್ಮಿಷನ್ ಮುಂಚೆ ಫೀಸ್ ಪಟ್ಟಿ ಪೂರ್ತಿ ಓದಿ, ಅಥ್ಲೆಟಿಕ್ ಫೀ ಅಂತ ಒಂದು ಸಾಲು ಇರಬಹುದು.

ಈಗ ಟೂರ್ನಮೆಂಟ್. ಮೇಲಿನ ದರ್ಜೆಯಲ್ಲಿ, ಅಂದ್ರೆ ಡಿವಿಷನ್ ಒನ್‌ನಲ್ಲಿ 360ಕ್ಕೂ ಹೆಚ್ಚು ಪುರುಷರ ಟೀಮ್ ಇವೆ. ನವೆಂಬರಲ್ಲಿ ಸೀಸನ್ ಶುರು, ಜನವರಿ ಫೆಬ್ರವರಿ ಪೂರ್ತಿ ತಮ್ಮ ಕಾನ್ಫರೆನ್ಸ್, ಅಂದ್ರೆ ತಮ್ಮ ಯೂನಿವರ್ಸಿಟಿಗಳ ಗುಂಪಿನ ಒಳಗಿನ ಜಿದ್ದಾಜಿದ್ದಿ, ಮಾರ್ಚ್‌ನಲ್ಲಿ ಕಾಲೇಜ್ ಕ್ರೀಡೆ ನೋಡ್ಕೊಳೋ ಸಂಸ್ಥೆ ಎನ್‌ಸಿಎಎಯ ಟೂರ್ನಮೆಂಟು. ಅದಕ್ಕೆ 2011ರಿಂದ 68 ಟೀಮ್. ಕಾನ್ಫರೆನ್ಸ್ ಟೂರ್ನಮೆಂಟ್ ಗೆದ್ದೋರು ನೇರವಾಗಿ ಒಳಗೆ, ಮಿಕ್ಕವರನ್ನ ಒಂದು ಕಮಿಟಿ ಆರಿಸತ್ತೆ, ಆ ಪಟ್ಟಿ ಮಾರ್ಚಿನ ಒಂದು ಭಾನುವಾರ ಸಾಯಂಕಾಲ ಟಿವಿಲಿ ಬರತ್ತೆ. ಒಂದು ಮ್ಯಾಚ್ ಸೋತ್ರೆ ಮನೆಗೆ, ಎರಡನೇ ಅವಕಾಶ ಇಲ್ಲ, ಇದನ್ನ ನೆನಪಿಟ್ಕೊಳಿ. ಐದು ತಿಂಗಳ ದುಡಿಮೆನ ಜನ 40 ನಿಮಿಷದ ಆಟದಲ್ಲಿ ತೂಗ್ತಾರೆ. ಬರೀ ಮಾನದ ಪ್ರಶ್ನೇನೂ ಅಲ್ಲ, ಟೂರ್ನಮೆಂಟ್‌ನಲ್ಲಿ ಫೈನಲ್ ಬಿಟ್ಟು ಆಡೋ ಒಂದೊಂದು ಮ್ಯಾಚಿಗೂ ಒಂದು ಯೂನಿಟ್ ಅಂತ ಲೆಕ್ಕ, ಆ ಒಂದು ಯೂನಿಟ್‌ಗೆ ಆರು ವರ್ಷದಲ್ಲಿ ಸುಮಾರು 20 ಲಕ್ಷ ಡಾಲರ್ ಆ ಟೀಮಿನ ಕಾನ್ಫರೆನ್ಸ್‌ಗೆ ಬರತ್ತೆ, ಅಲ್ಲಿ ಹಂಚ್ಕೋತಾರೆ.

ಕೆಲಸದ ಭದ್ರತೆ ವಿಷಯಕ್ಕೆ ಬರೋಣ. ನೀವು ಕೇಳೋ ಮೊದಲ ಪದ ಹಾಟ್ ಸೀಟ್, ಅಂದ್ರೆ ಕೋಚ್ ತಲೆ ಮೇಲೆ ತೂಗುಗತ್ತಿ ಇದೆ ಅಂತ. ಎರಡನೇ ಪದ ಬೈಔಟ್, ಇಡೀ ವ್ಯವಸ್ಥೆಯ ಕೀಲಿ ಕೈ ಇದೇ. ಕೋಚ್ ಕಾಂಟ್ರಾಕ್ಟ್ ಐದಾರು ವರ್ಷಕ್ಕೆ ಇರತ್ತೆ, ತಪ್ಪು ಮಾಡದೇ ಬರೀ ಸೋತಿದ್ದಕ್ಕೆ ಮಧ್ಯದಲ್ಲಿ ತೆಗೆದ್ರೆ ಉಳಿದ ವರ್ಷಗಳ ಸಂಬಳ ಪೂರ್ತಿನೋ ಒಂದು ಪಾಲೋ ಕೊಡಬೇಕು. ಅವರಾಗೇ ಬಿಟ್ಟು ಬೇರೆ ಟೀಮ್‌ಗೆ ಹೋದ್ರೆ ತಿರುಗಿ ಅವರ ಕಡೆಯಿಂದ ದುಡ್ಡು ಬರತ್ತೆ, ಸಾಮಾನ್ಯವಾಗಿ ಹೊಸ ಯೂನಿವರ್ಸಿಟಿಯೇ ಕಟ್ಟತ್ತೆ. ಹಾಗಿದ್ರೆ ಸುಮಾರಾಗಿ ಆಡೋ ಟೀಮಿನ ಕೋಚ್‌ಗೂ ಯಾಕೆ ಮತ್ತೆ ಮತ್ತೆ ಎಕ್ಸ್‌ಟೆನ್ಷನ್ ಕೊಡ್ತಾರೆ? ಇದು ನನಗೆ ಅರ್ಥ ಆಗೋಕೆ ವರ್ಷಗಳೇ ಬೇಕಾಯ್ತು. ಹೈಸ್ಕೂಲ್ ಆಟಗಾರನ ಮನೆಗೆ ಕೋಚ್ ಹೋಗಿ ನಮ್ಮಲ್ಲಿಗೆ ಬಾ ಅಂದಾಗ ಆ ಹುಡುಗನ ಅಮ್ಮ ಕೇಳೋದು, ನೀವೇ ನಾಲ್ಕು ವರ್ಷ ಇರ್ತೀರಾ? ಕಾಂಟ್ರಾಕ್ಟಲ್ಲಿ ಎರಡೇ ವರ್ಷ ಉಳಿದಿದ್ರೆ ಎದುರಾಳಿ ಕೋಚ್ ಅದನ್ನೇ ಹೇಳಿ ಹುಡುಗನ್ನ ಎಳ್ಕೊಂಡ್ ಹೋಗ್ತಾರೆ. ಅದಕ್ಕೆ ಎಕ್ಸ್‌ಟೆನ್ಷನ್ನು, ಎಕ್ಸ್‌ಟೆನ್ಷನ್ ಕೊಟ್ಟಷ್ಟೂ ಬೈಔಟ್ ದೊಡ್ಡದಾಗತ್ತೆ, ಆಮೇಲೆ ತೆಗಿಯೋಕೆ ಕೋಟಿಗಳಲ್ಲಿ ದುಡ್ಡು ಬೇಕಾಗತ್ತೆ. ಅಥ್ಲೆಟಿಕ್ ಡೈರೆಕ್ಟರ್, ಇಲ್ಲಿ ಎ.ಡಿ. ಅಂತಾರೆ, ಅವರು ಬೂಸ್ಟರ್‌ಗಳಿಗೆ ಅಂದ್ರೆ ಶ್ರೀಮಂತ ದಾನಿಗಳಿಗೆ ಫೋನ್ ಮಾಡೋದು ಆವಾಗಲೇ. ನಮ್ಮೂರು ಬ್ಲೂಮಿಂಗ್ಟನ್ನಲ್ಲೇ 2021ರಲ್ಲಿ ಇಂಡಿಯಾನಾ ಯೂನಿವರ್ಸಿಟಿ ಕೋಚ್ ಆರ್ಚೀ ಮಿಲ್ಲರ್ ಅವರನ್ನ ತೆಗೆದಾಗ 1 ಕೋಟಿ ಡಾಲರಿಗೂ ಮೇಲೆ ಕೊಡಬೇಕಾಯ್ತು, ಅದನ್ನ ಕೊಟ್ಟಿದ್ದು ಖಾಸಗಿ ದಾನಿಗಳು. ಕೆಲಸ ಮಾಡ್ಬೇಡ ಅಂತ ಹೇಳೋಕೆ ಅಷ್ಟು ದುಡ್ಡು ಅಂದಾಗ ನನ್ನ ಅಮ್ಮ ಊರಿಂದ ಫೋನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು.

ಕಾರಣ ಇಟ್ಟು ತೆಗೆದ್ರೆ, ಅಂದ್ರೆ ನಿಯಮ ಮುರಿದಿದೀರಾ ಅಂತ ತೆಗೆದ್ರೆ, ಬೈಔಟ್ ಕೊಡಬೇಕಾಗಿಲ್ಲ, ಆದ್ರೆ ಆ ದಾರೀನೂ ಸುಲಭ ಇಲ್ಲ. ಕೆವಿನ್ ಓಲಿ ಯುಕಾನ್‌ಗೆ, ಅಂದ್ರೆ ಕನೆಕ್ಟಿಕಟ್ ಯೂನಿವರ್ಸಿಟಿಗೆ, 2014ರಲ್ಲಿ ಚಾಂಪಿಯನ್‌ಶಿಪ್ ಗೆಲ್ಲಿಸಿ ಕೊಟ್ಟೋರು, 2018ರಲ್ಲಿ ಅವರನ್ನ ಕಾರಣ ಹೇಳಿ ತೆಗೆದ್ರು, ಮಧ್ಯಸ್ಥಿಕೆಗೆ ಹೋಗಿ 2022ರಲ್ಲಿ 1.1 ಕೋಟಿ ಡಾಲರಿಗೂ ಮೇಲೆ ಅವರಿಗೇ ಕೊಡಿ ಅಂತ ತೀರ್ಪು ಬಂತು. ಗೆದ್ದು ನಾಲ್ಕೇ ವರ್ಷ, ನೋಡಿ.

ಕೆಂಟಕಿ ಕಥೆ ಇನ್ನೂ ದೊಡ್ಡದು. ಜಾನ್ ಕ್ಯಾಲಿಪ್ಯಾರಿ 2009ರಲ್ಲಿ ಬಂದು 2012ರಲ್ಲಿ ಟೈಟಲ್ ಗೆದ್ರು, 2015ರಲ್ಲಿ ಟೀಮ್ 38 ಗೆದ್ದು ಒಂದೇ ಒಂದು ಸೋತ್ತು, 2019ರಲ್ಲಿ ಜೀವಮಾನದ ಕಾಂಟ್ರಾಕ್ಟ್ ಅಂತಾನೇ ಸುದ್ದಿ ಆಯ್ತು. ಆಮೇಲೆ 2022ರಲ್ಲಿ ಸೇಂಟ್ ಪೀಟರ್ಸ್ ಅನ್ನೋ ಪುಟ್ಟ ಕಾಲೇಜಿಗೆ ಮೊದಲ ಸುತ್ತಲ್ಲೇ ಸೋತ್ರು, 2024ರಲ್ಲಿ ಓಕ್‌ಲ್ಯಾಂಡ್ ಯೂನಿವರ್ಸಿಟಿಗೆ 80-76, ಅವತ್ತು ಓಕ್‌ಲ್ಯಾಂಡಿನ ಜ್ಯಾಕ್ ಗೋಲ್ಕಿ ಒಬ್ಬರೇ 10 ತ್ರೀ ಪಾಯಿಂಟರ್ ಹಾಕಿದ್ರು. ಊರಿಗೆ ಊರೇ ತೆಗೀರಿ ಅಂತಿತ್ತು, ಆದ್ರೆ ಬೈಔಟ್ ಸುಮಾರು 3.3 ಕೋಟಿ ಡಾಲರ್. ಕ್ಯಾಲಿಪ್ಯಾರಿನೇ ಮುಂದುವರಿತಾರೆ ಅಂತ ಎ.ಡಿ. ಅಂದ್ರು, ಕೆಲವೇ ವಾರದಲ್ಲಿ ಕ್ಯಾಲಿಪ್ಯಾರಿ ತಾವಾಗೇ ಅರ್ಕನ್ಸಾಗೆ ಹೋದ್ರು, ಎರಡೂ ಕಡೆಯೋರು ಉಸಿರು ಬಿಟ್ರು. ಮರುವರ್ಷ ಫೆಬ್ರವರಿಯಲ್ಲಿ ಅದೇ ಲೆಕ್ಸಿಂಗ್ಟನ್ನಿನ ರಪ್ ಅರೀನಾಗೆ ಅರ್ಕನ್ಸಾ ಟೀಮ್ ಕರ್ಕೊಂಡ್ ಬಂದ್ರು, ಟೈಟಲ್ ಗೆದ್ದು ಕೊಟ್ಟ ಮನುಷ್ಯನಿಗೆ ಜನ ಬೂ ಅಂದ್ರು, ಅವತ್ತು ಗೆದ್ದಿದ್ದು ಅವರೇ, 89-79.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ಬೇಕು. ಫ್ಯಾನ್‌ಗಳ ನಿರೀಕ್ಷೆ ಅನ್ನೋದು ಗೆಲುವು ಸೋಲಿನ ಲೆಕ್ಕದಿಂದ ಹುಟ್ಟೋದಲ್ಲ, ಆ ಊರು ತಾನು ಯಾರು ಅಂತ ನಂಬ್ಕೊಂಡಿದೆಯೋ ಅದರಿಂದ ಹುಟ್ಟತ್ತೆ. ಒಂದೇ ಫಲಿತಾಂಶ, ಒಂದೂರಲ್ಲಿ ಮೆರವಣಿಗೆ, ಇನ್ನೊಂದೂರಲ್ಲಿ ಕೆಲಸ ಹೋಗತ್ತೆ. ಚಿಕ್ಕ ಟೀಮೊಂದು 68ರೊಳಗೆ ಬಂದ್ರೆ ಆ ಕೋಚ್ ದೇವರು, ಕೆಂಟಕಿಲಿ ಅಷ್ಟಕ್ಕೇ ನಿಂತ್ರೆ ಛೀಮಾರಿ. ಅದಕ್ಕೆ ಯಾವ ಊರಿಗೆ ಹೋದ್ರೂ ಮೊದಲು ಅಲ್ಲಿನ ಅರೀನಾದ ಚಾವಣಿ ನೋಡಿ. ಇಲ್ಲಿ ಬ್ಲೂಮಿಂಗ್ಟನ್ನಿನ ಅಸೆಂಬ್ಲಿ ಹಾಲಲ್ಲಿ ಒಂದು ತುದಿಗೆ ಐದು ಚಾಂಪಿಯನ್‌ಶಿಪ್ ಬ್ಯಾನರ್ ತೂಗ್ತಿವೆ, 1940, 1953, 1976, 1981, 1987. ಕೊನೆಯ ಮೂರೂ ಬಾಬ್ ನೈಟ್ ಕಾಲದ್ದು, 1976ರ ಟೀಮ್ ಒಂದೂ ಮ್ಯಾಚ್ ಸೋಲದೇ 32-0. ನೈಟ್ ಅವರ ಕೋಪಾನೂ ಅಷ್ಟೇ ಪ್ರಸಿದ್ಧ, 1985ರಲ್ಲಿ ಕುರ್ಚಿ ಎತ್ತಿ ಕೋರ್ಟಿಗೆ ಎಸೆದಿದ್ದು ಇಲ್ಲಿ ಮಕ್ಕಳಿಗೂ ಗೊತ್ತು. 2000ದ ಸೆಪ್ಟೆಂಬರಲ್ಲಿ ಯೂನಿವರ್ಸಿಟಿ ಅವರನ್ನ ತೆಗೀತು, ತೆಗೆದಿದ್ದು ಸೋಲಿಗಲ್ಲ, ನಡವಳಿಕೆಗೆ, ಆದ್ರೂ ವಿದ್ಯಾರ್ಥಿಗಳು ಪ್ರೆಸಿಡೆಂಟ್ ಮನೆ ಮುಂದೆ ಹೋಗಿ ಗಲಾಟೆ ಮಾಡಿದ್ರು. ಆಮೇಲೆ ಬಂದವರು ಮೈಕ್ ಡೇವಿಸ್, ಕೆಲ್ವಿನ್ ಸ್ಯಾಂಪ್ಸನ್, ಟಾಮ್ ಕ್ರೀನ್, ಆರ್ಚೀ ಮಿಲ್ಲರ್, ಮೈಕ್ ವುಡ್ಸನ್. ಡೇವಿಸ್ 2002ರಲ್ಲಿ ಫೈನಲ್‌ವರೆಗೂ ಹೋದ್ರು, ಆರನೇ ಬ್ಯಾನರ್ ಮಾತ್ರ ಬರಲೇ ಇಲ್ಲ. ಪ್ರತಿಯೊಬ್ಬ ಹೊಸ ಕೋಚೂ ಆ ಐದು ಬ್ಯಾನರ್ ಕೆಳಗೆ ನಿಂತು ಕೆಲಸ ಶುರು ಮಾಡಬೇಕು.

2025ರ ಜನವರಿ 14, ವುಡ್ಸನ್ ಕೋಚ್ ಆಗಿದ್ದ ನಮ್ಮ ಟೀಮಿಗೆ ಇಲಿನಾಯ್ ವಿರುದ್ಧ ಮ್ಯಾಚು. ಮೂರು ದಿನದ ಹಿಂದೆ ಅಯೋವಾದಲ್ಲಿ 25 ಪಾಯಿಂಟಿಂದ ಸೋತು ಬಂದಿದ್ರು, ಅವತ್ತು ತಮ್ಮದೇ ಕೋರ್ಟಲ್ಲೂ 25 ಪಾಯಿಂಟಿಂದಾನೇ ಸೋತ್ರು, 94-69. ನಾನು ನಮ್ಮ ಪಕ್ಕದ ಮನೆಯವರ ಜೊತೆ ಹೋಗಿದ್ದೆ, ಅರವತ್ತೇಳು ವರ್ಷದ ಹಿರಿಯರು, ಹೆಂಡ್ತಿಗೆ ಹುಷಾರಿಲ್ಲ ಅಂತ ಆ ಟಿಕೆಟ್ ನನಗೆ ಕೊಟ್ಟಿದ್ರು. ಕೆಂಪು ಬಿಳಿ ಪಟ್ಟೆ ಪ್ಯಾಂಟು, ಮೊಣಕಾಲ ಹತ್ರ ಒಗೆದು ಒಗೆದು ಕೆಂಪು ಗುಲಾಬಿ ಆಗಿದೆ. ಆಟದ ಮಧ್ಯೆ ಮೇಲಿನ ಸಾಲಿಂದ ಕೂಗು ಶುರು ಆಯ್ತು, ಫೈರ್ ವುಡ್ಸನ್, ಫೈರ್ ವುಡ್ಸನ್, ಅಂದ್ರೆ ವುಡ್ಸನ್‌ನ ತೆಗೀರಿ ಅಂತ. ನಾನು ಅವರ ಮುಖ ನೋಡ್ದೆ. ಅವರು ಸೋಡಾ ಕಪ್ಪನ್ನ ಎರಡೂ ಕೈಲಿ ಹಿಡ್ಕೊಂಡು ಕೋರ್ಟ್ ನೋಡ್ತಾನೇ ಇದ್ರು, ಬಾಯಿ ತೆಗೀಲಿಲ್ಲ. ವುಡ್ಸನ್ ಇಂಡಿಯಾನಾಪೊಲಿಸ್ ಹುಡುಗ, 1976ರಿಂದ 1980ರವರೆಗೆ ಇದೇ ಕೋರ್ಟಲ್ಲಿ ನೈಟ್ ಕೈಕೆಳಗೆ ಆಡಿದೋರು, ನಮ್ಮ ಪಕ್ಕದ ಮನೆಯವರು ಅದೇ ವರ್ಷಗಳಲ್ಲಿ ಇಲ್ಲೇ ವಿದ್ಯಾರ್ಥಿ. ಕಾರಲ್ಲಿ ವಾಪಸ್ ಬರೋವಾಗ ಹೇಳಿದ್ದು ಇಷ್ಟೇ, ಹೋಗ್ಬೇಕು ಅನ್ನೋದು ನನಗೂ ಗೊತ್ತು, ಆದ್ರೆ ಆ ಹೆಸರನ್ನ ಈ ಬಿಲ್ಡಿಂಗಲ್ಲಿ ಹಾಗೆ ಕೂಗೋದು ಕೇಳೋಕಾಗಲ್ಲ. ಫೆಬ್ರವರಿ 7ಕ್ಕೆ ವುಡ್ಸನ್ ಸೀಸನ್ ಮುಗಿದ ಮೇಲೆ ಬಿಡ್ತೀನಿ ಅಂತ ಪ್ರಕಟಣೆ ಬಂತು, ಮಾರ್ಚಲ್ಲಿ ಡೇರಿಯನ್ ಡಿವ್ರೀಸ್ ಅವರನ್ನ ತಗೊಂಡ್ರು. ನೆನಪಿರಲಿ, ವುಡ್ಸನ್ 2022, 2023 ಎರಡು ವರ್ಷಾನೂ ಟೀಮನ್ನ ಟೂರ್ನಮೆಂಟಿಗೆ ಕರ್ಕೊಂಡ್ ಹೋಗಿದ್ರು.

ತಾಳ್ಮೆ ಇಟ್ಟ ಕಡೆ ಏನಾಯ್ತು ಅನ್ನೋದನ್ನೂ ತಿಳ್ಕೊಂಡಿರಿ, ನನ್ನ ಮನಸ್ಸು ಅವತ್ತಿಗೂ ಇವತ್ತಿಗೂ ಆ ಕಡೇನೇ. ನಾರ್ತ್ ಕ್ಯಾರೊಲೈನಾದ ಡೀನ್ ಸ್ಮಿತ್ 1965ರಲ್ಲಿ ಸೋತು ಬಸ್ಸಲ್ಲಿ ಕ್ಯಾಂಪಸ್ಸಿಗೆ ವಾಪಸ್ ಬಂದಾಗ ಅವರ ಪ್ರತಿಕೃತಿ ನೇಣು ಹಾಕಿದ್ರು, ಅವರದೇ ಆಟಗಾರ ಬಿಲ್ಲಿ ಕನ್ನಿಂಗ್‌ಹ್ಯಾಮ್ ಓಡಿ ಹೋಗಿ ಅದನ್ನ ಕಿತ್ತು ಹಾಕಿದ್ರು. ಅದೇ ಸ್ಮಿತ್ 1982ರಲ್ಲಿ, 1993ರಲ್ಲಿ ಟೈಟಲ್ ಗೆದ್ರು, 879 ಗೆಲುವಿನ ಜೊತೆ ರಿಟೈರ್ ಆದ್ರು, ಅರೀನಾಗೆ ಅವರದೇ ಹೆಸರು. ಡ್ಯೂಕ್ ಯೂನಿವರ್ಸಿಟಿಯ ಮೈಕ್ ಶಷೆವ್ಸ್ಕಿ, ಎಲ್ಲರೂ ಕೋಚ್ ಕೆ ಅಂತಾರೆ, ಮೊದಲ ಮೂರು ವರ್ಷದಲ್ಲಿ 38 ಗೆದ್ದು 47 ಸೋತ್ರು, ದಾನಿಗಳು ತೆಗೀರಿ ಅಂದ್ರೂ ಎ.ಡಿ. ಟಾಮ್ ಬಟರ್ಸ್ ಕೇಳದೇ 1984ರಲ್ಲಿ ಕಾಂಟ್ರಾಕ್ಟ್ ಮುಂದುವರಿಸಿದ್ರು, ಕೊನೆಗೆ ಐದು ಟೈಟಲ್. ಯುಸಿಎಲ್‌ಎಯಲ್ಲಿ ಜಾನ್ ವುಡನ್ 1948ರಲ್ಲಿ ಸೇರಿ ಮೊದಲ ಟೈಟಲ್ ಗೆದ್ದಿದ್ದು 1964ರಲ್ಲಿ, ಆಮೇಲೆ 1975ರೊಳಗೆ ಒಟ್ಟು ಹತ್ತು. ಹಳೇ ಕಾಲ ಅನ್ಬೇಡಿ, ವರ್ಜಿನಿಯಾ 2018ರಲ್ಲಿ ಒಂದನೇ ಸೀಡ್, ಅಂದ್ರೆ ತನ್ನ ಗುಂಪಲ್ಲಿ ಮೊದಲ ಶ್ರೇಯಾಂಕ, ಆಗಿದ್ದೂ ಕೊನೇ ಶ್ರೇಯಾಂಕದ, ಹದಿನಾರನೇ ಸೀಡ್ ಯುಎಂಬಿಸಿ ಅನ್ನೋ ಯೂನಿವರ್ಸಿಟಿಗೆ 74-54 ಸೋತ್ತು, ಕೋಚ್ ಟೋನಿ ಬೆನೆಟ್‌ನ ಇಟ್ಕೊಂಡ್ರು, 2019ರಲ್ಲಿ ಟೈಟಲ್. ನಮ್ಮ ಪಕ್ಕದ ಪರ್ಡ್ಯೂ 2023ರಲ್ಲಿ ಅದೇ ಥರ ಹದಿನಾರನೇ ಸೀಡಿಗೆ ಸೋತು ಮರುವರ್ಷ ಮ್ಯಾಟ್ ಪೇಂಟರ್ ಜೊತೆಗೇ ಫೈನಲ್ ಆಡ್ತು.

ಆದ್ರೆ ಈಗ ತಾಳ್ಮೆ ಇಡೋದು ಮೊದಲಿಗಿಂತ ಕಷ್ಟ, ಅದನ್ನೂ ಒಪ್ಕೋಬೇಕು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು, ಅದೇ ವರ್ಷದಿಂದ ಟ್ರಾನ್ಸ್‌ಫರ್ ಪೋರ್ಟಲ್ ಮೂಲಕ ಒಂದು ವರ್ಷ ಸುಮ್ಮನೆ ಕೂರದೇ ಬೇರೆ ಟೀಮಿಗೆ ಹೋಗಬಹುದು, 2025ರಿಂದ ಯೂನಿವರ್ಸಿಟಿಗಳೇ ಎಲ್ಲಾ ಕ್ರೀಡೆ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಕೊಡಬಹುದು. ಇಷ್ಟು ವರ್ಷ ಬಿಟ್ಟಿ ಬೆವರು ಸುರಿಸಿದ ಹುಡುಗರಿಗೆ ದುಡ್ಡು ಸಿಗ್ತಿರೋದು ನ್ಯಾಯಾನೇ. ಆದ್ರೆ ಕೋಚ್‌ಗೆ, ಹುಡುಗರು ಬೆಳೀಬೇಕು ನಾಲ್ಕು ವರ್ಷ ಕೊಡಿ ಅಂತ ಕೇಳೋಕೆ ಈಗ ಬಾಯಿಲ್ಲ. ಡಿವ್ರೀಸ್ ಬಂದ ವರ್ಷ ನಮ್ಮ ಟೀಮ್ ಹೆಚ್ಚುಕಮ್ಮಿ ಪೂರ್ತಿ ಹೊಸದು, ಹೆಸರು ಕಲಿಯೋಕೇ ಡಿಸೆಂಬರ್ ಆಯ್ತು. ಒಂದೇ ಬೇಸಿಗೇಲಿ ಟೀಮ್ ಕಟ್ಟಬಹುದು ಅಂದ್ಮೇಲೆ ಜನ ಒಂದೇ ಚಳಿಗಾಲದಲ್ಲಿ ಫಲಿತಾಂಶ ಕೇಳ್ತಾರೆ.

ಆಫೀಸಲ್ಲಿ ಈ ಮಾತು ಬಂದಾಗ ಹೊಸಬರು ಮಾಡೋ ತಪ್ಪು ಒಂದೇ, ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ ಅನ್ನೋದು. ಹಾಗೆ ಅನ್ಬೇಡಿ. ಅವರ ಅಪ್ಪ, ಅಜ್ಜನ ಜೊತೆ ರೇಡಿಯೋ ಮುಂದೆ ಕೂತ ನೆನಪು ಅದರಲ್ಲಿದೆ. ಕಾಂಟ್ರಾಕ್ಟ್ ಎಷ್ಟು ವರ್ಷ ಉಳಿದಿದೆ, ಬೈಔಟ್ ಎಷ್ಟು ಅಂತ ಕೇಳಿ, ಸಾಕು, ಅವರೇ ಕುರ್ಚಿ ಎಳ್ಕೊಂಡು ಕೂರ್ತಾರೆ.

ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ಹೆಡ್ ಕೋಚ್‌ಗೆ ಬೈಔಟ್ ಇದೆ, ಅಸಿಸ್ಟೆಂಟ್‌ಗಳ ಕಾಂಟ್ರಾಕ್ಟ್ ಸಾಮಾನ್ಯವಾಗಿ ಒಂದೋ ಎರಡೋ ವರ್ಷದ್ದು, ಹೆಡ್ ಹೋದ್ರೆ ಹೊಸಬರು ತಮ್ಮೋರನ್ನೇ ತರ್ತಾರೆ. ಬ್ಲೂಮಿಂಗ್ಟನ್‌ಗೆ ಬರೋ ಮುಂಚೆ ನಾವಿದ್ದ ಊರಲ್ಲಿ ನಮ್ಮ ಮಗಳ ಕ್ಲಾಸಿನ ಒಬ್ಬ ಹುಡುಗನ ಅಪ್ಪ ಅಂಥ ಅಸಿಸ್ಟೆಂಟು. ಮಾರ್ಚಿನ ಒಂದು ಭಾನುವಾರ ಹೆಡ್ ಕೋಚ್‌ನ ತೆಗೆದ್ರು, ಊರಲ್ಲಿ ಖುಷಿಯೋ ಖುಷಿ, ಸೋಮವಾರ ಆ ಹುಡುಗ ಸ್ಕೂಲಿಗೆ ಬಂದಾಗ ಅದೇ ಸುದ್ದಿ ಅವನ ಸುತ್ತ. ಏಪ್ರಿಲಲ್ಲಿ ಅವರ ಮನೆ ಮುಂದೆ ಫಾರ್ ಸೇಲ್ ಬೋರ್ಡು ಬಿತ್ತು. ಹೊರಡೋ ಹಿಂದಿನ ದಿನ ನಾವು ಅವರನ್ನ ಊಟಕ್ಕೆ ಕರೆದಿದ್ವಿ, ಚಪಾತಿ ಪಲ್ಯ ಚೆನ್ನಾಗಿ ತಿಂದ, ಆಮೇಲೆ ನನ್ನ ಮಗಳಿಗೆ ಹೇಳ್ದ, ಈಗ ಹೋಗ್ತಿರೋದು ಅವನ ಐದನೇ ಸ್ಕೂಲಂತೆ, ಅವನಿನ್ನೂ ಆರನೇ ಕ್ಲಾಸು. ನಿಮ್ಮ ಮಕ್ಕಳ ಸ್ಕೂಲಲ್ಲಿ ಅಂಥ ಮನೆಯವರಿದ್ರೆ ಮಾರ್ಚ್ ತಿಂಗಳಲ್ಲಿ ಒಂದು ದಿನ ಊಟಕ್ಕೆ ಕರೀರಿ.