ಗೊಂದಲ ಹುಟ್ಟಿಸುವ ಇಂಗ್ಲಿಷ್ ಪ್ರಯೋಗಗಳನ್ನು ಅಭ್ಯಾಸ ಮಾಡುವ ಬಗೆ

ಇಂಗ್ಲಿಷ್ ಬರೆಯುವಾಗ ನಾವು ಮತ್ತೆ ಮತ್ತೆ ಎಡವುವ ಜಾಗಗಳನ್ನು ಗಮನಿಸಿದರೆ, ಕನ್ನಡದಲ್ಲಿ ಒಂದೇ ರೂಪವಿದ್ದು ಇಂಗ್ಲಿಷಿನಲ್ಲಿ ಎರಡಿರುವ ಕಡೆಯೇ ಹಲವು ತಪ್ಪುಗಳಾಗುವುದು ಕಾಣುತ್ತದೆ. ಆದ್ದರಿಂದ ಅಭ್ಯಾಸವನ್ನು ನಿಯಮಗಳ ಪಟ್ಟಿಯ ಬದಲು ನಮ್ಮದೇ ಕನ್ನಡ ವಾಕ್ಯದಿಂದ ಆರಂಭಿಸಬೇಕು.

‘ಸೋಮವಾರದಿಂದ ಜ್ವರವಿದೆ’, ‘ಮೂರು ದಿನಗಳಿಂದ ಜ್ವರವಿದೆ’ ಎಂಬ ಎರಡು ವಾಕ್ಯಗಳನ್ನೇ ನೋಡಿ. ನಮಗೆ ಎರಡಕ್ಕೂ ‘ಇಂದ’ ಪ್ರತ್ಯಯವೇ ಸಾಕಾಗುತ್ತದೆ. ಇಂಗ್ಲಿಷಿನಲ್ಲಾದರೆ ಜ್ವರ ಶುರುವಾದ ದಿನವನ್ನು ಹೇಳಲು ‘ಸಿನ್ಸ್ ಮಂಡೇ’ ಎಂದೂ, ಕಳೆದ ಅವಧಿಯನ್ನು ಹೇಳಲು ‘ಫಾರ್ ತ್ರೀ ಡೇಸ್’ ಎಂದೂ ಬರೆಯಬೇಕು. ಕ್ರಿಯಾಪದವೂ ಬದಲಾಗುತ್ತದೆ. ‘ಇದೆ’ ಎಂಬ ವರ್ತಮಾನ ರೂಪವನ್ನು ನೆಚ್ಚಿ ‘ಐ ಹ್ಯಾವ್ ಎ ಫೀವರ್ ಸಿನ್ಸ್ ಮಂಡೇ’ ಎಂದು ಬರೆದರೆ ತಪ್ಪಾಗುತ್ತದೆ; ಅಂದು ಶುರುವಾಗಿ ಇಂದಿಗೂ ಮುಂದುವರಿದಿರುವುದರಿಂದ ‘ಐ ಹ್ಯಾವ್ ಹ್ಯಾಡ್ ಎ ಫೀವರ್’ ಎನ್ನಬೇಕು.

ನೋಟ್‌ಪುಸ್ತಕದ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ನಿಮ್ಮ ದಿನಚರಿಯಿಂದಲೇ ಆಯ್ದ ಐದಾರು ಕನ್ನಡ ವಾಕ್ಯಗಳನ್ನೂ ಬಲಗಡೆ ಅವುಗಳ ಇಂಗ್ಲಿಷ್ ರೂಪವನ್ನೂ ಬರೆಯಿರಿ. ವ್ಯಾಕರಣ ಪುಸ್ತಕದೊಡನೆ ಹೋಲಿಸಿ ತಿದ್ದಿ, ಆದರೆ ತಪ್ಪನ್ನು ಅಳಿಸಬೇಡಿ. ಮರುದಿನ ಬಲಭಾಗವನ್ನು ಮುಚ್ಚಿ ಅದೇ ವಾಕ್ಯಗಳನ್ನು ಇನ್ನೊಮ್ಮೆ ಇಂಗ್ಲಿಷಿನಲ್ಲಿ ಬರೆಯಿರಿ. ಬಿಟ್ಟ ಸ್ಥಳ ತುಂಬುವ ಅಭ್ಯಾಸಕ್ಕಿಂತ ಇದು ಮೇಲೆಂದು ನಾನು ನಂಬುತ್ತೇನೆ. ಅಲ್ಲಿ ಉತ್ತರ ಎರಡರಲ್ಲೊಂದು ಎಂಬುದು ಮೊದಲೇ ತಿಳಿದಿರುತ್ತದೆ, ಮಾತಿನ ನಡುವೆ ಅಂಥ ಸುಳಿವು ಸಿಗುವುದಿಲ್ಲ.

ಕೆಲವೆಡೆ ಕನ್ನಡವೇ ಕೈ ಹಿಡಿಯುತ್ತದೆ. ‘ಬೈ ಫೈವ್’ ಮತ್ತು ‘ಅಂಟಿಲ್ ಫೈವ್’ ನಡುವಿನ ವ್ಯತ್ಯಾಸ ‘ಐದರೊಳಗೆ ಮುಗಿಸು’, ‘ಐದರವರೆಗೆ ಕಾಯಿ’ ಎಂದಾಗಲೇ ಸ್ಪಷ್ಟವಾಗುತ್ತದೆ. ‘ಐ ಯೂಸ್ಡ್ ಟು ವಾಕ್’ ಎಂದರೆ ಹಿಂದೆ ನಡೆಯುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ವಾಕಿಂಗ್’ ಎಂದರೆ ನಡೆದು ರೂಢಿಯಿದೆ. ‘ಎ ಫ್ಯೂ ಫ್ರೆಂಡ್ಸ್’ ಎಂದರೆ ಕೆಲವರಾದರೂ ಇದ್ದಾರೆ. ‘ಎ’ ಬಿಟ್ಟರೆ ಹೆಚ್ಚು ಮಂದಿಯಿಲ್ಲ ಎಂಬ ಕೊರಗು ಉಳಿಯುತ್ತದೆ. ‘ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುವವರು ‘ಅಬೌಟ್’ ಅನ್ನು ಕೈಬಿಟ್ಟರೆ ಸಾಕು.

‘ಸಿನ್ಸ್’–‘ಫಾರ್’ನಂಥ ಒಂದು ಜೋಡಿಗೆ ಮೂರು ನಾಲ್ಕು ದಿನ ಕೊಡಿ. ನಾಲ್ಕೈದು ಜೋಡಿಗಳಾದ ಮೇಲೆ ಎಲ್ಲ ವಾಕ್ಯಗಳನ್ನೂ ಬೆರೆಸಿ, ಯಾವುದು ಯಾವ ಜೋಡಿಗೆ ಸೇರಿದ್ದೆಂಬ ಗುರುತಿಲ್ಲದೆ ಬರೆಯಿರಿ. ಅಲ್ಲಿಯೂ ತಪ್ಪಿದ ವಾಕ್ಯಗಳನ್ನು ಮುಂದಿನ ಹಾಳೆಯ ಮೊದಲ ಸಾಲುಗಳಿಗೆ ಸೇರಿಸಿಕೊಳ್ಳಿ.