ಸುರುಳಿಯ ಕಾಂತಕ್ಷೇತ್ರ: ಲೆಕ್ಕ ಹಾಕಿ ದಿಕ್ಸೂಚಿಯಲ್ಲಿ ತಾಳೆ ನೋಡುವ ಬಗೆ

ವೃತ್ತಾಕಾರದ ಸುರುಳಿಯ ನಟ್ಟನಡುವಿನ ಕಾಂತಕ್ಷೇತ್ರ ಲೆಕ್ಕ ಹಾಕಲು ಮೂರೇ ಅಳತೆ ಸಾಕು: ಎಷ್ಟು ಸುತ್ತು, ಎಷ್ಟು ಆಂಪಿಯರ್ ಕರೆಂಟ್, ಎಷ್ಟು ತ್ರಿಜ್ಯ. ಪಠ್ಯಪುಸ್ತಕದ ಸೂತ್ರದಲ್ಲಿರುವ ಮ್ಯೂ ನಾಟ್ ಎಂಬ ಕಾಂತ ಸ್ಥಿರಾಂಕದ ಬೆಲೆಯನ್ನು (4 × ಪೈ × 10⁻⁷) ಮೊದಲೇ ಗುಣಿಸಿಟ್ಟುಕೊಂಡರೆ ಹತ್ತರ ಘಾತಗಳ ಗೋಜು ತಪ್ಪುತ್ತದೆ:

ನಡುವಿನ ಕ್ಷೇತ್ರ (ಮೈಕ್ರೋಟೆಸ್ಲಾ) = 62.83 × ಸುತ್ತು × ಆಂಪಿಯರ್ ÷ ತ್ರಿಜ್ಯ (ಸೆಂ.ಮೀ.)

ಕಾಲೇಜು ಲ್ಯಾಬುಗಳಲ್ಲಿರುವ ಸ್ಟೂವರ್ಟ್–ಗೀ ಉಪಕರಣವನ್ನೇ (ಸುರುಳಿಯ ಅಕ್ಷದುದ್ದಕ್ಕೂ ದಿಕ್ಸೂಚಿಯನ್ನು ಸರಿಸಿ ಓದುವ ಸಾಧನ) ತೆಗೆದುಕೊಳ್ಳಿ. 50 ಸುತ್ತಿನ ಟರ್ಮಿನಲ್‌ಗೆ ತಂತಿ ಕೊಟ್ಟು 0.1 ಆಂಪಿಯರ್ ಹರಿಸಿದ್ದೀರಿ, ತ್ರಿಜ್ಯ 10 ಸೆಂ.ಮೀ. ಅಂದುಕೊಳ್ಳೋಣ. ಉತ್ತರ 31.4 ಮೈಕ್ರೋಟೆಸ್ಲಾ. ಇದು ಹೆಚ್ಚೋ ಕಡಿಮೆಯೋ ಎಂದು ತೂಗಿ ನೋಡಲು ಭೂಮಿಯ ಕ್ಷೇತ್ರವೇ ತಕ್ಕಡಿ. ಬೆಂಗಳೂರಿನ ಸುತ್ತಮುತ್ತ ಅದರ ಸಮತಲ ಭಾಗ ಸುಮಾರು 40 ಮೈಕ್ರೋಟೆಸ್ಲಾ. 31.4ನ್ನು 40ರಿಂದ ಭಾಗಿಸಿದರೆ 0.785. ಎರಡೂ ಕ್ಷೇತ್ರ ಒಂದಕ್ಕೊಂದು ಲಂಬವಾಗಿರುವಂತೆ ಸುರುಳಿಯನ್ನಿಟ್ಟಾಗ ಅದು ವಿಚಲನ ಕೋನದ, ಅಂದರೆ ಮುಳ್ಳು ತಿರುಗುವ ಕೋನದ, ಟ್ಯಾಂಜೆಂಟ್. ಅಂದರೆ ದಿಕ್ಸೂಚಿಯ ಮುಳ್ಳು 38 ಡಿಗ್ರಿಯಷ್ಟು ತಿರುಗಬೇಕು. ಕರೆಂಟ್ ಕೊಡುವ ಮೊದಲೇ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮುಳ್ಳು 2 ಡಿಗ್ರಿ ತೋರಿಸಿದರೆ ಅಥವಾ 80 ದಾಟಿದರೆ ತಪ್ಪು ಎಲ್ಲೋ ಇದೆ ಎಂದು ಆಗಲೇ ಗೊತ್ತಾಗುತ್ತದೆ. ಹೆಚ್ಚಿನ ಸಲ ಅದು 2 ಅಥವಾ 500 ಸುತ್ತಿನ ಟರ್ಮಿನಲ್‌ಗೆ ಸಿಕ್ಕಿಸಿದ ತಂತಿ. ಕ್ಷೇತ್ರ ಲೆಕ್ಕದ ಎರಡರಷ್ಟು ಬಂದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಬರೆದಿರಬಹುದು.

ತ್ರಿಜ್ಯವನ್ನು ಸ್ಕೇಲ್ ಇಟ್ಟು ಅಂದಾಜು ಮಾಡಬೇಡಿ. ಸುರುಳಿಯ ಸುತ್ತ ನೂಲು ಬಿಗಿದು ಸುತ್ತಳತೆ ತೆಗೆದು 6.283ರಿಂದ ಭಾಗಿಸಿ. ತಂತಿಯ ಪದರ ದಪ್ಪಗಿದ್ದರೆ ಒಳಗಿನ ಮತ್ತು ಹೊರಗಿನ ತ್ರಿಜ್ಯಗಳ ಸರಾಸರಿ ಹಿಡಿಯಿರಿ. ತ್ರಿಜ್ಯ 5% ತಪ್ಪಿದರೆ ನಡುವಿನ ಕ್ಷೇತ್ರವೂ 5% ತಪ್ಪುತ್ತದೆ. ಅಕ್ಷದ ಮೇಲೆ ಬಹಳ ದೂರ ಹೋದರೆ ಅದೇ ತಪ್ಪು ಇಮ್ಮಡಿಯಾಗುತ್ತದೆ, ಏಕೆಂದರೆ ಅಲ್ಲಿ ಕ್ಷೇತ್ರ ನಿಂತಿರುವುದು ತ್ರಿಜ್ಯದ ವರ್ಗದ ಮೇಲೆ.

ಅಕ್ಷದ ಮೇಲಿನ ಬೇರೆ ಬಿಂದುಗಳಿಗೆ ನಡುವಿನ ಉತ್ತರವನ್ನು ಒಂದು ಅಂಶದಿಂದ ಗುಣಿಸಿದರಾಯಿತು. ತ್ರಿಜ್ಯದ ವರ್ಗವನ್ನು, ತ್ರಿಜ್ಯದ ವರ್ಗ ಮತ್ತು ದೂರದ ವರ್ಗ ಕೂಡಿದ ಮೊತ್ತದಿಂದ ಭಾಗಿಸಿ, ಬಂದದ್ದನ್ನು 1.5ರ ಘಾತಕ್ಕೆ ಏರಿಸಿ. ಮೇಲಿನ ಸುರುಳಿಯಲ್ಲಿ 5 ಸೆಂ.ಮೀ. ದೂರಕ್ಕೆ ಅಂಶ 0.7155, ಕ್ಷೇತ್ರ 22.5 ಮೈಕ್ರೋಟೆಸ್ಲಾ, ವಿಚಲನ ಸುಮಾರು 29 ಡಿಗ್ರಿ. 10 ಸೆಂ.ಮೀ. ದೂರಕ್ಕೆ 0.3536, ಕ್ಷೇತ್ರ 11.1, ವಿಚಲನ 15.5 ಡಿಗ್ರಿ. ದೂರವನ್ನು ಸುರುಳಿಯ ದಪ್ಪದ ನಡುವಿನಿಂದ ಅಳೆಯಬೇಕು, ಚೌಕಟ್ಟಿನ ಅಂಚಿನಿಂದಲ್ಲ.

ಈಗ ತಾಳೆ ನೋಡುವುದು. ಕರೆಂಟ್ ಇಲ್ಲದಾಗ ಮುಳ್ಳು ಸುರುಳಿಯ ಸಮತಲಕ್ಕೆ ಸಮಾನಾಂತರವಾಗಿ ನಿಲ್ಲುವಂತೆ ಇಡೀ ಉಪಕರಣವನ್ನು ತಿರುಗಿಸಿ. ಇದು ನಾಲ್ಕೈದು ಡಿಗ್ರಿ ಓರೆಯಾದರೂ ಟ್ಯಾಂಜೆಂಟ್ ಲೆಕ್ಕ ಕೆಡುತ್ತದೆ. ಕಮ್ಯುಟೇಟರ್‌ನಿಂದ (ಕರೆಂಟಿನ ದಿಕ್ಕು ಬದಲಿಸುವ ಸ್ವಿಚ್) ಕರೆಂಟ್ ತಿರುಗಿಸಿ ಎರಡೂ ಬದಿಯ ವಿಚಲನ ಓದಿದರೆ ಓರೆ ಕಣ್ಣಿಗೆ ಬೀಳುತ್ತದೆ: ಒಂದು ಕಡೆ 42, ಇನ್ನೊಂದು ಕಡೆ 34 ಬಂದರೆ ಸರಾಸರಿ ತೆಗೆದು ಸುಮ್ಮನಾಗಬೇಡಿ, ಉಪಕರಣವನ್ನು ಮತ್ತೆ ಹೊಂದಿಸಿ. ಪ್ರತಿ ಸಲವೂ ಮುಳ್ಳಿನ ಎರಡೂ ತುದಿ ಓದಿ. ಆಗ ಸೂಜಿಯ ತಿರುಗಣೆ ವೃತ್ತದ ನಡುವಿನಿಂದ ಸರಿದಿದ್ದ ದೋಷ ಅಳಿಸಿಹೋಗುತ್ತದೆ. ಕಬ್ಬಿಣದ ಮೇಜು, ಮೊಬೈಲ್, ಸ್ಪೀಕರ್ ಹತ್ತಿರ ಇರಬಾರದು. ಸುರುಳಿಗೆ ಹೋಗುವ ಮತ್ತು ಬರುವ ತಂತಿಗಳನ್ನು ಒಂದಕ್ಕೊಂದು ಹೊಸೆದುಬಿಡಿ, ಇಲ್ಲದಿದ್ದರೆ ಅವೂ ತಮ್ಮದೇ ಕ್ಷೇತ್ರವನ್ನು ಸೇರಿಸುತ್ತವೆ.

ಕರೆಂಟನ್ನು ವಿಚಲನ 30ರಿಂದ 60 ಡಿಗ್ರಿಯೊಳಗೆ ಬರುವಂತೆ ಇಡಬೇಕು. 45 ಡಿಗ್ರಿಯಲ್ಲಿ ಒಂದು ಡಿಗ್ರಿ ತಪ್ಪಿ ಓದಿದರೆ ಕ್ಷೇತ್ರದಲ್ಲಿ 3.5% ತಪ್ಪು, 80 ಡಿಗ್ರಿಯಲ್ಲಿ ಅದೇ ಒಂದು ಡಿಗ್ರಿಗೆ 10%. ಇನ್ನೊಂದು ಮಾತು: ತಂತಿ ಬಿಸಿಯಾದರೆ ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.4%ರಷ್ಟು ಏರಿ ಕರೆಂಟ್ ಇಳಿಯುತ್ತದೆ. ಆದ್ದರಿಂದ ಪ್ರತಿ ಓದಿಗೂ ಆ್ಯಮೀಟರ್ ನೋಡಿ.

ಸುರುಳಿಯ ಎರಡೂ ಬದಿಯ ಓದುಗಳಿಂದ ದೂರ ಮತ್ತು ಟ್ಯಾಂಜೆಂಟ್‌ಗಳ ಗ್ರಾಫ್ ಎಳೆದರೆ ಗಂಟೆಯಾಕಾರದ ಗೆರೆ ಬರುತ್ತದೆ. ಆ ಗೆರೆ ಒಂದು ಬಾಗಿನಿಂದ ಇನ್ನೊಂದು ಬಾಗಿಗೆ ಹೊರಳುವ ಎರಡು ಜಾಗಗಳ ನಡುವಿನ ದೂರ ಸರಿಯಾಗಿ ತ್ರಿಜ್ಯದಷ್ಟೇ ಇರಬೇಕು. ನೂಲಿನಿಂದ ಅಳೆದ ತ್ರಿಜ್ಯಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇರೆ ಬೇಕಿಲ್ಲ.

ಹೆಲ್ಮ್‌ಹೋಲ್ಟ್ಸ್ ಜೋಡಿ ಹುಟ್ಟುವುದೂ ಇಲ್ಲಿಂದಲೇ. ಒಂದೇ ತರಹದ ಎರಡು ಸುರುಳಿಗಳನ್ನು ತ್ರಿಜ್ಯದಷ್ಟು ದೂರದಲ್ಲಿಟ್ಟರೆ ಒಂದರ ಇಳಿತವನ್ನು ಇನ್ನೊಂದರ ಏರಿಕೆ ತುಂಬಿ, ನಡುವೆ ಕ್ಷೇತ್ರ ಸಮವಾಗುತ್ತದೆ. ಅಲ್ಲಿನ ಸೂತ್ರ ಮೇಲಿನದ್ದೇ, 62.83 ಬದಲು 89.92 ಹಾಕಿ, ಸುತ್ತು ಎಂದರೆ ಒಂದು ಸುರುಳಿಯದ್ದು ಮಾತ್ರ. 15 ಸೆಂ.ಮೀ. ತ್ರಿಜ್ಯ, ತಲಾ 20 ಸುತ್ತು ಇದ್ದರೆ 40 ಮೈಕ್ರೋಟೆಸ್ಲಾಗೆ ಬೇಕಾದ ಕರೆಂಟ್ 0.334 ಆಂಪಿಯರ್. 22 ಗೇಜಿನ ಎನಾಮೆಲ್ ತಂತಿ ಸುಮಾರು 38 ಮೀಟರ್ ಬೇಕು, ಜೋಡಣೆಗೆ ಒಂದಿಷ್ಟು ಹೆಚ್ಚುವರಿ ಇಟ್ಟುಕೊಳ್ಳಿ. ಅದರ ರೋಧ 1.6 ಓಮ್‌ನ ಆಸುಪಾಸು. 6 ವೋಲ್ಟ್ ಸಪ್ಲೈಗೆ ಸುಮಾರು 16 ಓಮ್‌ಗೆ ಹೊಂದಿಸಿದ ರಿಯೋಸ್ಟಾಟನ್ನು (ಬೇಕಾದಷ್ಟಕ್ಕೆ ಬದಲಿಸಬಲ್ಲ ರೋಧಕ) ಸರಣಿಯಲ್ಲಿ ಸೇರಿಸಿ. ಎರಡೂ ಸುರುಳಿಗಳೂ ಸರಣಿಯಲ್ಲೇ ಇರಲಿ, ಕರೆಂಟ್ ಎರಡರಲ್ಲೂ ಒಂದೇ ದಿಕ್ಕಿಗೆ ಸುತ್ತಬೇಕು. ಒಂದು ಉಲ್ಟಾ ಆದರೆ ನಟ್ಟನಡುವೆ ಕ್ಷೇತ್ರ ಸೊನ್ನೆಯಾಗಿ ಮುಳ್ಳು ಅಲುಗುವುದೇ ಇಲ್ಲ.

ಈ ಜೋಡಿಯ ಅಕ್ಷವನ್ನು ಉತ್ತರ–ದಕ್ಷಿಣಕ್ಕಿಟ್ಟು, ಭೂಮಿಯ ಕ್ಷೇತ್ರಕ್ಕೆ ಎದುರಾಗುವಂತೆ ಕರೆಂಟನ್ನು ಮೆಲ್ಲಗೆ ಏರಿಸಿ. 0.33ರ ಹತ್ತಿರ ಬಂದಾಗ ದಿಕ್ಸೂಚಿಯನ್ನು ಬೆರಳಿನಿಂದ ತಟ್ಟಿ: ಮುಳ್ಳು ಉತ್ತರವನ್ನು ಮರೆತು ಸಿಕ್ಕಲ್ಲಿ ನಿಲ್ಲುತ್ತದೆ. ಇನ್ನೂ ಏರಿಸಿದರೆ ಪೂರ್ತಿ ತಿರುಗಿ ದಕ್ಷಿಣಕ್ಕೆ ಮುಖ ಮಾಡುತ್ತದೆ. ಹಾಗೆ ಹೊರಳುವ ಕರೆಂಟಿನಿಂದ ಲೆಕ್ಕ ಹಾಕಿದ ಕ್ಷೇತ್ರವೇ ನೀವು ನಿಂತ ಜಾಗದಲ್ಲಿ ಭೂಮಿಯ ಸಮತಲ ಕ್ಷೇತ್ರ.