ಒಂದೇ ದಿನ ಆರು ಕಿಲೋ ಬೀನ್ಸ್

ಕೈತೋಟ ಶುರು ಮಾಡಿದ ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಬಿತ್ತಿದ ದಿನದ್ದೇ. ಬೀನ್ಸ್ ಬೀಜದ ಪೊಟ್ಟಣ ಒಡೆದೆ, ನಾಲ್ಕು ಸಾಲು ಎಳೆದೆ, ಒಂದೇ ಮಧ್ಯಾಹ್ನ ಪೊಟ್ಟಣ ಖಾಲಿ. ಉಳಿಸಿಕೊಂಡು ಏನು ಮಾಡೋದು ಅಂತ ಸುಮ್ನೆ ಎಲ್ಲವನ್ನೂ ಹಾಕಿಬಿಟ್ಟಿದ್ದೆ. ಅದೂ ಗಿಡ ಬೀನ್ಸ್. ಬಳ್ಳಿ ಬೀನ್ಸ್ ಹಾಗೆ ದಿನವೂ ಸ್ವಲ್ಪ ಸ್ವಲ್ಪ ಕೊಡುವ ಜಾತಿಯಲ್ಲ. ಸುಮಾರು ಎರಡು ತಿಂಗಳು ಸುಮ್ಮನಿದ್ದು, ಆಮೇಲೆ ಎರಡು ಮೂರು ವಾರದಲ್ಲಿ ಇದ್ದದ್ದನ್ನೆಲ್ಲ ಕೊಟ್ಟು ಮುಗಿಸುತ್ತದೆ. ಒಂದು ಭಾನುವಾರ ಬುಟ್ಟಿ ಹಿಡಿದು ಹೋದವಳು ಆರು ಕಿಲೋ ಕೊಯ್ದುಕೊಂಡು ಬಂದೆ. ಮನೆಯಲ್ಲಿ ನಾವು ಇರುವುದು ನಾಲ್ಕೇ ಜನ. ಮೂರನೇ ದಿನ ಮಗಳು ತಟ್ಟೆ ನೋಡಿ, "ಅಮ್ಮಾ, ಇವತ್ತೂ ಬೀನ್ಸಾ?" ಅಂದಳು.

ಉಳಿದದ್ದನ್ನು ಗಾಜಿನ ಬಾಟಲಿಗೆ ತುಂಬಿದೆ. ಹೆಚ್ಚಿದ ಬೀನ್ಸ್, ಮೇಲೆ ಬಿಸಿನೀರು, ಚೂರು ಉಪ್ಪು. ಮುಚ್ಚಳ ಬಿಗಿದು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಂದು ಗಂಟೆ ಕುದಿಸಿದೆ. ಒಂಬತ್ತು ಬಾಟಲಿ ಆಯಿತು. ಕಪಾಟಿನಲ್ಲಿ ಸಾಲಾಗಿ ಇಟ್ಟು, ಬಂದವರಿಗೆಲ್ಲ ತೋರಿಸಿದೆ.

ಮೂರು ವಾರ ಕಳೆದಿರಬೇಕು. ಧೂಳು ಒರೆಸುವಾಗ ಒಂದು ಬಾಟಲಿಯ ಮುಚ್ಚಳ ಬೆರಳಿಗೆ ಉಬ್ಬಿದ ಹಾಗೆ ಸಿಕ್ಕಿತು. ನಡುವೆ ಒತ್ತಿದೆ. ಒಳಗೆ ಹೋಯಿತು, ಕೈ ತೆಗೆದ ಕೂಡಲೇ ಟಕ್ ಅಂತ ಮೇಲೆ ಬಂತು. ಬೆಳಕಿಗೆ ಹಿಡಿದರೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಗಾಜಿನ ಅಂಚಿಗೆ ಸಣ್ಣ ಸಣ್ಣ ಗುಳ್ಳೆ. ಉಳಿದ ಎಂಟು ಬಾಟಲಿ ಚೆನ್ನಾಗಿಯೇ ಕಾಣುತ್ತಿದ್ದವು. ಆದರೂ ಒಂಬತ್ತನ್ನೂ ಮುಚ್ಚಳ ತೆರೆಯದೆ ಚೀಲಕ್ಕೆ ಹಾಕಿ ಕಟ್ಟಿ, ನಾಯಿ ಬೆಕ್ಕಿಗೂ ಸಿಗದ ಹಾಗೆ ಎಸೆದೆ. ರುಚಿ ನೋಡಲಿಲ್ಲ, ಮೂಸಲೂ ಇಲ್ಲ. ಅವತ್ತು ನನಗೆ ಜಾಸ್ತಿ ಗೊತ್ತಿರಲಿಲ್ಲ, ಹೆದರಿಕೆ ಅಷ್ಟೇ. ಆದರೆ ಆ ಹೆದರಿಕೆ ಸರಿಯಾಗಿತ್ತು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದರ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ನೀರು ಕುದಿಯುವ 100 ಡಿಗ್ರಿಗೆ ಸಾಯುವುದಿಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ, ತೇವ ಇರುವ, ಬೆಚ್ಚಗಿನ ಜಾಗ ಸಿಕ್ಕರೆ ಅವು ಎದ್ದು ಬೆಳೆದು ವಿಷ ಮಾಡುತ್ತವೆ. ನಾನು ಮಾಡಿಟ್ಟದ್ದು ಅದೇ ಜಾಗ ಅಲ್ವಾ! ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಬಾಟಲಿ ಉಬ್ಬದೆಯೂ ಇರಬಹುದು. ಬೀನ್ಸ್, ಕ್ಯಾರೆಟ್, ಬಟಾಣಿ, ಬೀಟ್‌ರೂಟ್ ಇಂಥ ಹುಳಿ ಇಲ್ಲದ ತರಕಾರಿಯನ್ನು ಬಾಟಲಿಯಲ್ಲಿ ಹೊರಗೆ ಇಡಬೇಕಾದರೆ ಅದಕ್ಕೆಂದೇ ಮಾಡಿದ ಪ್ರೆಷರ್ ಕ್ಯಾನರ್ ಬೇಕು. ಒತ್ತಡದಲ್ಲಿ ಶಾಖ 116 ಡಿಗ್ರಿ ದಾಟಬೇಕು. ನನ್ನ ಹತ್ತಿರ ಅದಿಲ್ಲ, ತರುವ ಆಸೆಯೂ ಇಲ್ಲ.

ಬಾಟಲಿಯಲ್ಲಿ ಆಹಾರ ತುಂಬಿ, ಮುಚ್ಚಿ, ಕುದಿಸಿ ಇಡುವ ಕ್ರಮವನ್ನು ನಿಕೋಲಸ್ ಅಪೇರ್ ಅನ್ನುವ ಫ್ರೆಂಚ್ ಅಡುಗೆಯವರು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದು ಯಾಕೆ ಕೆಡುವುದಿಲ್ಲ ಅಂತ ಅವರಿಗೂ ಗೊತ್ತಿರಲಿಲ್ಲವಂತೆ. ಸೂಕ್ಷ್ಮಜೀವಿಗಳ ಲೆಕ್ಕ ವಿಜ್ಞಾನಿ ಲೂಯಿ ಪಾಶ್ಚರ್ ಹೇಳುವ ಹೊತ್ತಿಗೆ ಇನ್ನೂ ಸುಮಾರು ಐವತ್ತು ವರ್ಷ ಕಳೆದಿತ್ತು. ಅಷ್ಟು ದೊಡ್ಡವರೇ ಕಾರಣ ತಿಳಿಯದೆ ಮಾಡಿದ್ದರು ಅನ್ನುವುದು ನನಗೆ ಸ್ವಲ್ಪ ಸಮಾಧಾನ. ವ್ಯತ್ಯಾಸ ಇಷ್ಟೇ, ನನ್ನ ಕಾಲಕ್ಕೆ ಕಾರಣ ಪುಸ್ತಕದಲ್ಲಿತ್ತು, ನಾನು ಓದಿರಲಿಲ್ಲ.

ಈಗ ಬಿತ್ತುವ ಮೊದಲೇ ಒಂದು ನೋಟ್‌ಬುಕ್ ತೆಗೆಯುತ್ತೇನೆ. ಎಡಗಡೆ ತರಕಾರಿ ಹೆಸರು, ಬಲಗಡೆ ಅದು ಎಲ್ಲಿಗೆ ಹೋಗಬೇಕು ಅಂತ: ತಟ್ಟೆಗೆ, ಫ್ರೀಜರ್‌ಗೆ, ಒಣಗಲಿಕ್ಕೆ, ಭರಣಿಗೆ. ಬಲಗಡೆ ಏನೂ ಬರೆಯಲಾಗದಿದ್ದರೆ ಒಂದೆರಡು ಗಿಡ ಸಾಕು. ಸೊಪ್ಪು, ಮೂಲಂಗಿ ಹಾಗೆ. ಬೀನ್ಸನ್ನು ಹದಿನೈದು ದಿನಕ್ಕೆ ಒಂದು ಸಾಲಿನಂತೆ ಹಾಕುತ್ತೇನೆ. ಒಂದು ಸಾಲು ಮುಗಿಯುವಾಗ ಇನ್ನೊಂದು ಕಾಯಿ ಬಿಡುತ್ತದೆ. ಟೊಮೆಟೊ ಮಾತ್ರ ಬೇಕೆಂದೇ ಒಟ್ಟಿಗೆ ನೆಡುತ್ತೇನೆ, ಎರಡು ಕಿಲೋಗೋಸ್ಕರ ಇಡೀ ದಿನ ಒಲೆ ಮುಂದೆ ನಿಲ್ಲುವುದು ಯಾರಿಗೆ ಬೇಕು. ಸಸಿಯ ಕೆಳಗಿನ ಎಲೆ ಚಿವುಟಿ, ಕಾಂಡ ಅರ್ಧದವರೆಗೆ ಮಣ್ಣಿನೊಳಗೆ ಹೋಗುವ ಹಾಗೆ ಆಳಕ್ಕೆ ನೆಟ್ಟರೆ ಮುಚ್ಚಿದ ಕಾಂಡದಿಂದಲೂ ಬೇರು ಬರುತ್ತದೆ. ಗಿಡದಿಂದ ಗಿಡಕ್ಕೆ ಎರಡಡಿ.

ಗೊಬ್ಬರದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ನೀರಿನ ಬಗ್ಗೆ ಒಂದು ಮಾತು ಹೇಳುತ್ತೇನೆ. ನಾಲ್ಕು ದಿನ ಮರೆತು ಐದನೇ ದಿನ ಪಾತಿ ತುಂಬಿಸುವುದು ನನ್ನ ಅಭ್ಯಾಸವಾಗಿತ್ತು. ಟೊಮೆಟೊ ಹಣ್ಣಿನ ತಳ ಕಪ್ಪಾಗಿ ಚರ್ಮದ ಹಾಗೆ ಆಗುತ್ತಿತ್ತು. ರೋಗ ಅಂದುಕೊಂಡು ಏನೇನೋ ಸಿಂಪಡಿಸಿದೆ. ಅದು ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಆಗುವ ತೊಂದರೆ, ಹೆಚ್ಚಿನ ಸಲ ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ, ಒಯ್ಯುವ ನೀರು ಒಂದೇ ಹದದಲ್ಲಿ ಸಿಗುವುದಿಲ್ಲ. ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ, ದಿನ ಬಿಟ್ಟು ದಿನ ನೀರು ಕೊಟ್ಟ ಮೇಲೆ ಹೊಸ ಕಾಯಿಗಳು ಸರಿಯಾದವು.

ಕೊಯ್ಯುವುದು ಬೆಳಗ್ಗೆ, ಬಿಸಿಲು ಏರುವ ಮೊದಲು. ಆದರೆ ಬೀನ್ಸ್ ಎಲೆ ಒದ್ದೆ ಇದ್ದರೆ ಆರುವವರೆಗೆ ಕಾಯುತ್ತೇನೆ, ಒದ್ದೆ ಗಿಡ ಮುಟ್ಟಿದರೆ ರೋಗ ಒಂದರಿಂದ ಒಂದಕ್ಕೆ ಹರಡುತ್ತದೆ. ಕಾಯಿ ಬಗ್ಗಿಸಿದರೆ ಪಟ್ ಅಂತ ಮುರಿಯಬೇಕು. ಒಳಗಿನ ಬೀಜ ಹೊರಗೆ ಉಬ್ಬಿ ಕಂಡರೆ ಬಲಿತಾಯಿತು ಅಂತ ಲೆಕ್ಕ. ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಲಿತ ಕಾಯಿ ಗಿಡದಲ್ಲೇ ಉಳಿಯುತ್ತದೆ, ಗಿಡ ಬೀಜ ಮಾಡಿದ ಖುಷಿಯಲ್ಲಿ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ. ಸೌತೆಯೂ ಹಾಗೇ. ಎಲೆ ಕೆಳಗೆ ಅಡಗಿ ಹಳದಿಯಾದ ಒಂದು ಸೌತೆ ಸಾಕು, ಬಳ್ಳಿ ಸೋಮಾರಿಯಾಗಲಿಕ್ಕೆ. ಟೊಮೆಟೊ ಮಾತ್ರ ಪೂರ್ತಿ ಕೆಂಪಾಗಲು ಕಾಯುವುದಿಲ್ಲ. ತಳದಲ್ಲಿ ಗುಲಾಬಿ ಛಾಯೆ ಮೂಡಿದ ಮೇಲೆ ಕಿತ್ತು ಮನೆಯೊಳಗೆ ಇಟ್ಟರೂ ಚೆನ್ನಾಗಿ ಹಣ್ಣಾಗುತ್ತದೆ, ಹಕ್ಕಿಗೂ ಸಿಗುವುದಿಲ್ಲ. ಫ್ರಿಜ್‌ಗೆ ಮಾತ್ರ ಹಾಕಬೇಡಿ, ರುಚಿ ಹೋಗುತ್ತದೆ.

ಬೀನ್ಸ್ ಈಗ ಫ್ರೀಜರ್‌ಗೆ. ಕೊಯ್ದ ದಿನವೇ ಮಾಡಬೇಕು, ನಾಳೆ ಅಂದರೆ ನಾರು. ಮೊದಲು ನಾನು ಹಸಿಯಾಗಿಯೇ ತುಂಬಿದ್ದೆ. ಎರಡು ತಿಂಗಳಿಗೆ ಒಣ ಹುಲ್ಲಿನ ವಾಸನೆ ಬಂತು. ಕಾಯಿಯೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನಕ್ಕೆ ಕೆಲಸ ಮಾಡುತ್ತಲೇ ಇರುತ್ತವೆ. ಅವನ್ನು ಬಿಸಿ ತಾಗಿಸಿ ನಿಲ್ಲಿಸಬೇಕು. ಅರ್ಧ ಕಿಲೋ ಬೀನ್ಸಿಗೆ ನಾಲ್ಕು ಲೀಟರ್ ನೀರು ತಳಮಳ ಕುದಿಯಬೇಕು. ನೀರು ಕಡಿಮೆ ಇದ್ದರೆ ಬೀನ್ಸ್ ಬಿದ್ದ ಕೂಡಲೇ ಕುದಿ ನಿಂತು, ಕಾಯಿ ಅತ್ತ ಹಸಿಯೂ ಅಲ್ಲ, ಇತ್ತ ಬೆಂದದ್ದೂ ಅಲ್ಲ. ಕುದಿ ಮತ್ತೆ ಶುರುವಾದ ಮೇಲೆ ಮೂರು ನಿಮಿಷ. ಬಟಾಣಿಗೆ ಒಂದೂವರೆ ಸಾಕು. ತೂತಿನ ಸೌಟಿನಲ್ಲಿ ಎತ್ತಿ ಐಸ್ ನೀರಿಗೆ, ಅಲ್ಲಿಯೂ ಮೂರು ನಿಮಿಷ. ಆಗ ಬೀನ್ಸಿನ ಬಣ್ಣ ನೋಡಬೇಕು, ಗಿಡದಲ್ಲಿ ಇದ್ದದ್ದಕ್ಕಿಂತ ಹಸಿರು!

ಆಮೇಲೆ ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಒರೆಸಬೇಕು. ಇಲ್ಲಿ ಅವಸರ ಮಾಡಿದರೆ ಫ್ರೀಜರ್‌ನಲ್ಲಿ ಐಸ್ ಗಡ್ಡೆ ಸಿಗುತ್ತದೆ. ಟ್ರೇಯಲ್ಲಿ ಒಂದೇ ಪದರ ಹಾಕಿ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿದರೆ ಬಿಡಿಬಿಡಿಯಾಗಿ ಇರುತ್ತದೆ, ಒಂದು ಹಿಡಿ ಬೇಕಾದರೆ ಒಂದು ಹಿಡಿಯೇ ತೆಗೆಯಬಹುದು. ಚೀಲದ ಗಾಳಿ ಹಿಂಡಿ ತೆಗೆದು, ದಿನಾಂಕ ಬರೆದು, ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ಎಂಟು ಹತ್ತು ತಿಂಗಳು ಯೋಚನೆ ಇಲ್ಲ.

ಟೊಮೆಟೊ ಅರ್ಧ ಒಣಗಿಸುತ್ತೇನೆ, ಅರ್ಧ ಬಾಟಲಿಗೆ. ಹೌದು, ಬಾಟಲಿಗೇ. ಟೊಮೆಟೊದ ಹುಳಿ ಗಡಿಯ ಹತ್ತಿರವೇ ಇರುತ್ತದೆ. ಹುಳಿಯ ಅಳತೆ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಕೆಲವು ಹಣ್ಣು ಅದನ್ನು ದಾಟುತ್ತವೆ. ಅದಕ್ಕೇ ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಸಿಡ್ ಹಾಕಿ, ಕುದಿಸಿ ಜಜ್ಜಿದ ಬಿಸಿ ಟೊಮೆಟೊ ತುಂಬಿ, ಕುದಿಯುವ ನೀರಿನಲ್ಲಿ ಮುಳುಗಿಸಿ 35 ನಿಮಿಷ ಇಡುತ್ತೇನೆ. ಎತ್ತರದ ಜಾಗದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಸಮಯ ಇನ್ನೂ ಜಾಸ್ತಿ ಬೇಕು. ಮನಸ್ಸಿಗೆ ಬಂದಷ್ಟು ಬೆಳ್ಳುಳ್ಳಿ, ಈರುಳ್ಳಿ ಸೇರಿಸುವ ಹಾಗಿಲ್ಲ, ಹುಳಿಯ ಲೆಕ್ಕ ತಪ್ಪುತ್ತದೆ.

ಒಣಗಿಸಿದ್ದಕ್ಕೂ ಒಂದು ಕಥೆ ಇದೆ. ಹೋಳು ಮುಟ್ಟಿದರೆ ಚರ್ಮದ ಹಾಗಿತ್ತು, ಒಣಗಿತು ಅಂತ ಬಾಟಲಿಗೆ ತುಂಬಿ ಒಳಗಿಟ್ಟೆ. ಹತ್ತು ದಿನಕ್ಕೆ ಬೂಷ್ಟು. ತೆಳು ಹೋಳು ಒಣಗಿದ್ದರೂ ದಪ್ಪ ಹೋಳಿನ ಹೊಟ್ಟೆಯಲ್ಲಿ ತೇವ ಇರುತ್ತದೆ. ಈಗ 60 ಡಿಗ್ರಿಯಲ್ಲಿ ಒಣಗಿಸಿ, ಪೂರ್ತಿ ತಣಿದ ಮೇಲೆ ಗಾಜಿನ ಬಾಟಲಿಗೆ ಮುಕ್ಕಾಲು ಮಾತ್ರ ತುಂಬಿ, ಒಂದು ವಾರ ದಿನಕ್ಕೊಮ್ಮೆ ಕುಲುಕುತ್ತೇನೆ. ಗಾಜಿಗೆ ಒಳಗಿಂದ ಹನಿ ಕಟ್ಟಿದರೆ ಎಲ್ಲ ಮತ್ತೆ ಟ್ರೇಗೆ. ಹತ್ತು ಕಿಲೋ ಹಣ್ಣು ಒಣಗಿದರೆ ಮುಕ್ಕಾಲು ಕಿಲೋ ಸಿಕ್ಕರೆ ಹೆಚ್ಚು. ಮನೆಯವರು ತೂಕ ನೋಡಿ, "ಇಷ್ಟಕ್ಕೇನಾ ಇಷ್ಟು ಕಷ್ಟ?" ಅಂತ ಕೇಳುತ್ತಾರೆ. ತಿನ್ನುವಾಗ ಕೇಳುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಎಲೆಕೋಸಿನ ಭರಣಿ. ಒಲೆಯೂ ಬೇಡ, ಕರೆಂಟೂ ಬೇಡ. ಒಂದು ಕಿಲೋ ಸಣ್ಣಗೆ ಹೆಚ್ಚಿದ ಕೋಸಿಗೆ 20 ಗ್ರಾಂ ಉಪ್ಪು, ತೂಕ ಮಾಡಿಯೇ ಹಾಕಬೇಕು. ಐದು ನಿಮಿಷ ಕೈಯಲ್ಲಿ ಹಿಸುಕಿದರೆ ತಾನೇ ನೀರು ಬಿಡುತ್ತದೆ. ಭರಣಿಗೆ ಒತ್ತಿ ತುಂಬಿ, ಮೇಲೆ ಭಾರ ಇಟ್ಟು, ಕೋಸು ನೀರಿನೊಳಗೇ ಇರುವ ಹಾಗೆ ನೋಡಿಕೊಳ್ಳಬೇಕು. ಮೂರನೇ ದಿನ ಭರಣಿಗೆ ಕಿವಿ ಇಟ್ಟರೆ ಸಣ್ಣಗೆ ಚಿಟಿಚಿಟಿ ಕೇಳುತ್ತದೆ. ಎಲೆಯ ಮೇಲೇ ಇದ್ದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿವೆ ಅಂತ ಅರ್ಥ. ಆ ದಿನಗಳಲ್ಲಿ ಮುಚ್ಚಳ ಬಿಗಿಯಬಾರದು, ಗಾಳಿ ಹೊರಗೆ ಹೋಗಬೇಕು. ಇಲ್ಲೂ ಗಾಳಿ ಇಲ್ಲದ ಭರಣಿಯೇ, ಆದರೆ ಇಲ್ಲಿ ಹುಳಿಯನ್ನು ಅವೇ ಮಾಡಿಕೊಡುತ್ತವೆ. 20 ಡಿಗ್ರಿ ಆಸುಪಾಸಿನಲ್ಲಿ ಮೂರು ನಾಲ್ಕು ವಾರ, ಆಮೇಲೆ ಫ್ರಿಜ್. ಬಣ್ಣ ಬಣ್ಣದ ಬೂಷ್ಟು ಬಂದರೆ, ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಪೂರ್ತಿ ಎಸೆಯುತ್ತೇನೆ.

ಈರುಳ್ಳಿ, ಬೆಳ್ಳುಳ್ಳಿಗೆ ಜಾಸ್ತಿ ಹೇಳಬೇಕಾದ್ದಿಲ್ಲ. ಸೊಪ್ಪು ಬಾಗಿ ಬಿದ್ದ ಮೇಲೆ ಈರುಳ್ಳಿ ಕಿತ್ತು, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಹರಡಿದರೆ ಕುತ್ತಿಗೆ ಒಣಗುತ್ತದೆ. ಆಲೂಗಡ್ಡೆ ಪಕ್ಕ ಇಡುವುದಿಲ್ಲ, ಎರಡೂ ಕೆಡುತ್ತವೆ. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದಂತೂ ಬೇಡವೇ ಬೇಡ, ಅದೂ ನನ್ನ ಒಂಬತ್ತು ಬಾಟಲಿಯ ಜಾತಿಯೇ.

ನಿನ್ನೆ ಫ್ರೀಜರ್ ಖಾಲಿ ಮಾಡುವಾಗ ಹೋದ ಸಲದ ಬೀನ್ಸ್ ಐದು ಚೀಲ ಇನ್ನೂ ಸಿಕ್ಕವು. ನೋಟ್‌ಬುಕ್‌ನಲ್ಲಿ ಬೀನ್ಸ್ ಮುಂದೆ ನಾಲ್ಕು ಸಾಲು ಅಂತ ಬರೆದಿದ್ದೆ. ಹೊಡೆದು ಹಾಕಿ ಮೂರು ಮಾಡಿದ್ದೇನೆ. ಮಗಳು ಪೆನ್ನು ಕಸಿದುಕೊಂಡು ಎರಡು ಅಂತ ಬರೆದಿದ್ದಾಳೆ.